ಖಾಲಿ ಬುಟ್ಟಿ ಕಳಿಸಬಾರದು

ಮೊನ್ನೆ ಪಂಚಮಿಯ ಮುಂದೆ ಮನೆ ಸ್ವಚ್ಛ ಮಾಡುವಾಗ ನೀವೆಲ್ಲ ಸೇರಿ ಅಡುಗೆಮನೆಯ ನೆಲುವಿನಲ್ಲಿದ್ದ ಹಳೆಯ ಬಿದಿರಿನ ಬುಟ್ಟಿಯನ್ನು ಕೆಳಗಿಳಿಸಿದಿರಿ. ಅದರ ತಳ ಹರಿದಿದೆ, ಅಂಚಿನ ಕಟ್ಟು ಬಿಚ್ಚಿದೆ, ಒಳಗೆ ಗೋಣಿನಾರಿನ ಒಂದು ಸಿಂಬಿ ಇದೆ. "ಅಜ್ಜಿ, ಇದನ್ನ ಒಗದು ಬರ್ಲೇನು?" ಎಂದು ದೊಡ್ಡವಳು ಕೇಳಿದಳು. ನಾನು ಒಲೆಯ ಮುಂದೆ ಉಂಡಿಗಾಗಿ ಎಳ್ಳು ಹುರಿಯುತ್ತಿದ್ದೆ. ಕೈ ನಿಲ್ಲಿಸಿದರೆ ಎಳ್ಳು ಸೀಯುತ್ತದೆ, ಹಾಗಾಗಿ ತಿರುಗಿ ನೋಡಲಿಲ್ಲ. ಅಷ್ಟರಲ್ಲಿ ಹಿರೇಕೆರೂರಿನ ಬಸ್ಸಿಳಿದು ಬಂದು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದ ನೀಲಾ ಅತ್ತಿ ಒದ್ದೆ ಕಾಲಲ್ಲೇ ಓಡಿ ಬಂದು ಬುಟ್ಟಿಯನ್ನು ಕಸಿದುಕೊಂಡಳು.

"ಅತ್ತಿ, ಬುಟ್ಟಿ ನಿಂದೇನು?" ಎಂದ ಸಣ್ಣವನು.

"ಬುಟ್ಟಿ ನಂದಲ್ಲಪಾ ತಮ್ಮಾ. ನಾನ ಈ ಬುಟ್ಟಿ ಮಗಳು" ಎಂದು ಅವಳು ನಕ್ಕಳು.

ಆಮೇಲೆ ನೀವು ನನ್ನನ್ನು ಬಿಡಲಿಲ್ಲ. ನೀಲಾ ಅತ್ತಿ ಅಪ್ಪನ ಸ್ವಂತ ತಂಗಿಯಲ್ಲವೇ, ಅಲ್ಲದಿದ್ದರೆ ಪ್ರತಿ ಪಂಚಮಿಗೆ ಇಲ್ಲಿಗೇ ಏಕೆ ಬರುತ್ತಾಳೆ, ಬುಟ್ಟಿಗೂ ಅವಳಿಗೂ ಏನು ಸಂಬಂಧ ಎಂದು ಕೇಳಿದಿರಿ. ನನಗೆ ಬಾಯಿಂದ ಕತೆ ಹೇಳಲು ಬರುವುದಿಲ್ಲ. ನಾಲ್ಕು ಮಂದಿ ನನ್ನ ಮುಖ ನೋಡಿದರೆ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ಹತ್ತಿಮತ್ತೂರಿನ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅದು ಎಪ್ಪತ್ತರ ದಶಕದ ಕೊನೆ. ನಿಮ್ಮ ಅಜ್ಜ ಸವಣೂರಿನ ಎಲೆ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ದಿನವಿಡೀ ವೀಳ್ಯದೆಲೆಯ ಪೆಂಡಿಗಳ ನಡುವೆ ಇರುತ್ತಿದ್ದ ಅವರ ಅಂಗಿಯಿಂದ ತೊಳೆದರೂ ಹಸಿ ಎಲೆಯ ವಾಸನೆ ಹೋಗುತ್ತಿರಲಿಲ್ಲ. ಚಳಿಗಾಲದಲ್ಲಿ ಜ್ವರವೆಂದು ಮಲಗಿದವರು ಮತ್ತೆ ಏಳಲಿಲ್ಲ. ಮನೆಯಲ್ಲಿ ಉಳಿದವರು ಹೈಸ್ಕೂಲಿಗೆ ಹೋಗುತ್ತಿದ್ದ ನಿಮ್ಮ ಅಪ್ಪ, ನಾನು, ಮತ್ತು ನನ್ನ ಅತ್ತೆ. ಅವರನ್ನು ಓಣಿಯವರೆಲ್ಲ ಆಯಿ ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ.

ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬವಿಲ್ಲ. ಕರಿಯಲು ಎಣ್ಣೆ ಇಡುವಂತಿಲ್ಲ, ಹೋಳಿಗೆ ತಟ್ಟುವಂತಿಲ್ಲ. ಯುಗಾದಿಗೆ ನೆರೆಯವರು ಎಡೆ ತಂದುಕೊಟ್ಟರು. ಅವರ ತಾಟಿನಲ್ಲಿ ನಾನು ಒಂದು ಹಿಡಿ ಜೋಳ ಹಾಕಿ ಹಿಂದಕ್ಕೆ ಕೊಟ್ಟೆ. ನಮ್ಮ ಕಡೆಯ ರೂಢಿ ನಿಮಗೆ ಗೊತ್ತೇ ಇದೆ. ಒಬ್ಬರ ಮನೆಯಿಂದ ತುಂಬಿ ಬಂದ ಪಾತ್ರೆ ಖಾಲಿ ಹೋಗಬಾರದು. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ, ಅದೂ ಇಲ್ಲದಿದ್ದರೆ ಎರಡು ಹಸಿಮೆಣಸಿನಕಾಯಿಯಾದರೂ ಹಾಕಬೇಕು. ಆದರೆ ನಮ್ಮ ಒಲೆಯ ಮೇಲೆ ಬೆಂದದ್ದು ಆ ವರ್ಷ ಯಾರ ಮನೆಗೂ ಹೋಗುವಂತಿರಲಿಲ್ಲ. ಮೊದಲೇ ಸಂಕೋಚದವಳು ನಾನು, ಆ ವರ್ಷ ಪೂರ್ತಿ ಬಾಗಿಲ ಹಿಂದೆ ಸೇರಿಕೊಂಡೆ.

ನನ್ನನ್ನು ಅಲ್ಲಿಂದ ಹೊರಗೆ ಎಳೆದವರು ಕಮಲಾಬಾಯಿ ಅಕ್ಕಾವರು. ಮಠದ ಓಣಿಯವರು, ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಿ ನಿವೃತ್ತಿಯಾದವರು. ಅವರ ಮನೆತನದ ಗಂಡಸರೆಲ್ಲ ಶಾಸ್ತ್ರ ಓದಿದವರು. ಇವರು ಮಾತ್ರ ಪ್ರತಿ ಗುರುವಾರ ಮಧ್ಯಾಹ್ನ ಕಚೇರಿಯ ಹಿಂದಿನ ಸಬ್‌ಜೈಲಿಗೆ ಹೋಗಿ ಅಲ್ಲಿದ್ದ ಹೆಂಗಸರಿಗೆ ಪುರಾಣ ಓದಿ ಹೇಳುತ್ತಿದ್ದರು, ಅಕ್ಷರ ತಿದ್ದಿಸುತ್ತಿದ್ದರು. ಯಾರೂ ಕಳಿಸಿರಲಿಲ್ಲ, ತಾವೇ ಜೈಲಿನ ಸಾಹೇಬರನ್ನು ಕೇಳಿ ಒಪ್ಪಿಗೆ ಪಡೆದಿದ್ದರು. ಒಂದು ದಿನ ನಮ್ಮ ಪಡಸಾಲೆಯಲ್ಲಿ ಕುಳಿತು ಆಯಿಗೆ ಹೇಳಿದರು:

"ನನ್ನ ಕಣ್ಣು ಮಂಜಾಗ್ಯಾವ. ಓದಲಿಕ್ಕೆ ಒಬ್ಬರು ಬೇಕಾಗ್ಯದ. ನಿಮ್ಮ ಸೊಸೀನ್ನ ಜೈಲಿಗೆ ಕಳಸ್ರಿ."

ಆಯಿ ಆರಿಸುತ್ತಿದ್ದ ಬೇಳೆಯ ಮೊರವನ್ನು ಕೆಳಗಿಟ್ಟರು. "ಆಕಿ ಏನ್ ತಪ್ಪು ಮಾಡ್ಯಾಳ್ರೀ?"

"ತಪ್ಪು ಮಾಡಿದವರನ್ನ ಸರಕಾರ ಕಳಸ್ತದ. ಮಾಡದವರನ್ನ ನಾನು ಕರೀಲಿಕ್ಕೆ ಬಂದೇನಿ."

"ವರ್ಷ ತುಂಬಿಲ್ರೀ ಇನ್ನಾ. ಹೊರಗ ಹೆಂಗ ಕಳಸ್ಲಿ?"

"ಹಬ್ಬದ ಮನೀಗೆ ಹೋಗಬಾರದು, ಖರೆ. ಜೈಲಿನ್ಯಾಗ ಯಾವ ಹಬ್ಬ ಅದ?"

ಆಯಿ ಮೊರವನ್ನು ಮತ್ತೆ ಎತ್ತಿಕೊಂಡರು. ನಾನು ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡೆ. ಭಯವಾಗಿತ್ತು. ಆದರೆ ಭಯದ ಕೆಳಗೆ ಇನ್ನೊಂದು ಅಲುಗುತ್ತಿತ್ತು. ಚಿಕ್ಕಂದಿನಲ್ಲಿ ಜೈಲೆಂದರೆ ಕಾಳು ತುಂಬಿಡುವ, ನೆಲದೊಳಗಿನ ಕತ್ತಲ ಹಗೇವು ಎಂದುಕೊಂಡಿದ್ದವಳು ನಾನು. ಅಲ್ಲಿಯ ಹೆಂಗಸರು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆಯೇ? ಕನ್ನಡಿ ಇರುತ್ತದೆಯೇ? ಜಗಳವಾಡುತ್ತಾರೆಯೇ, ನಗುತ್ತಾರೆಯೇ? ನೋಡಬೇಕು ಅನ್ನಿಸಿತು.

ನೋಡಿದರೆ ಅದು ಹಳೆಯ ಗೋದಾಮಿನಂಥ ಕಟ್ಟಡ. ಎತ್ತರದ ಗೋಡೆ, ಅಂಗಳದಲ್ಲಿ ಒಂದು ಬೇವಿನ ಮರ, ಗಂಡಸರದು ಒಂದು ಕಡೆ, ಹೆಂಗಸರದು ಇನ್ನೊಂದು ಕಡೆ. ಮುಂಗಾರಿನ ಮೊದಲ ಮಳೆ ಬಿದ್ದು ಹಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಗಿಲು ಕಾಯುತ್ತಿದ್ದವನು ಜಮಾದಾರ ಹುಸೇನಸಾಬ. ಮೀಸೆ ಭಯ ಹುಟ್ಟಿಸುವಂತಿತ್ತು, ದನಿ ಮಾತ್ರ ಮೆತ್ತಗೆ. ಹೆಂಗಸರ ಕೋಣೆಯಲ್ಲಿ ಆಗ ಮೂವರಿದ್ದರು. ತಲೆ ಬಾಚಿಕೊಂಡಿದ್ದರು, ನಗುತ್ತಲೂ ಇದ್ದರು. ಕನ್ನಡಿ ಇರಲಿಲ್ಲ. ಒಬ್ಬಳು ಇನ್ನೊಬ್ಬಳ ಎದುರು ಕುಳಿತು, "ಬೈತಲಿ ನೆಟ್ಟಗೈತೇನ ನೋಡ" ಎಂದು ಕೇಳುತ್ತಿದ್ದಳು.

ಹೋಗುವ ದಾರಿಯಲ್ಲಿ ಅಕ್ಕಾವರು ನನಗೆ ಒಂದೇ ಮಾತು ಹೇಳಿದ್ದರು. "ಏನು ಮಾಡಿ ಬಂದೀ ಅಂತ ಯಾರನ್ನೂ ಕೇಳಬ್ಯಾಡ. ಅವರಾಗಿ ಹೇಳಿದರ ಕೇಳು."

ಇದು ಎಷ್ಟು ಕಷ್ಟದ ಕಟ್ಟಳೆ ಎಂದು ನನಗೆ ಮೊದಲ ದಿನವೇ ತಿಳಿಯಿತು. ಆ ಮೂವರಲ್ಲಿ ಗಂಗವ್ವ ಎಂಬವಳೊಬ್ಬಳಿದ್ದಳು. ನನಗಿಂತ ಸ್ವಲ್ಪ ದೊಡ್ಡವಳು, ಅಗಲ ಹಣೆ, ಹೊಲದ ಕೆಲಸದಿಂದ ಒರಟಾದ ಕೈ. ತಡಸದ ಕಡೆಯ ಒಕ್ಕಲುತನದ ಮನೆಯವಳಂತೆ. ನಾನು ತಲೆ ತಗ್ಗಿಸಿ ಓದುತ್ತಿದ್ದರೆ ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಈ ಕೈ ಏನು ಮಾಡಿತು ಎಂದು ನಾನು ಅವಳ ಕೈಯನ್ನೇ ಕದ್ದು ನೋಡುತ್ತಿದ್ದೆ. ಓದಿನ ಸಾಲು ತಪ್ಪುತ್ತಿತ್ತು. "ಅಕ್ಕಾರ, ರಾಜಾ ಆಗಲೇ ಕಾಡಿಗೆ ಹೋಗಿದ್ದ, ಮತ್ತ ಯಾಕ ಹೊಂಟ?" ಎಂದು ಅವಳೇ ತಿದ್ದುತ್ತಿದ್ದಳು.

ಕೆಲವು ಗುರುವಾರಗಳಾದ ಮೇಲೆ ನನಗೆ ಬರಿಗೈಯಲ್ಲಿ ಹೋಗಲು ನಾಚಿಕೆಯಾಯಿತು. ನಮ್ಮ ಮನೆಯ ರೊಟ್ಟಿ ಊರಲ್ಲಿ ಯಾರಿಗೂ ಸಲ್ಲುವಂತಿರಲಿಲ್ಲ ನಿಜ, ಆದರೆ ಜೈಲಿಗೆ ಮೈಲಿಗೆ ಎಲ್ಲಿಯದು? ಬೆಳಗ್ಗೆ ಜೋಳದ ರೊಟ್ಟಿ ಬಡಿದು, ಪುಂಡಿಪಲ್ಲೆ ಮಾಡಿ, ಹುರಿದ ಶೇಂಗಾ ಚಟ್ನಿ ಕುಟ್ಟಿ ನನ್ನ ಬಿದಿರಿನ ಬುಟ್ಟಿಯಲ್ಲಿಟ್ಟುಕೊಂಡು ಹೊರಟೆ. ಬಾಗಿಲಲ್ಲಿ ಹುಸೇನಸಾಬ ತಡೆದ.

"ಅವ್ವಾ, ಹೊರಗಿನ ಊಟ ಒಳಗ ಹೋಗಬೇಕಂದ್ರ ಒಂದು ರೂಲ್ ಐತ್ರಿ. ತಂದವರು ನಮ್ಮ ಮುಂದ ಮೊದಲು ಒಂದು ತುತ್ತು ತಿನ್ನಬೇಕು."

ನಾನು ಪರಗಂಡಸರ ಮುಂದೆ ನೀರು ಕೂಡ ಕುಡಿದವಳಲ್ಲ. ಸೆರಗು ಹಿಡಿದುಕೊಂಡು ನಿಂತೆ. ಮಳೆ ಬೀಳುತ್ತಿತ್ತು. ಅವನು ನನ್ನನ್ನು ನೋಡಿದ, ಬುಟ್ಟಿಯನ್ನು ನೋಡಿದ, ಕೆಮ್ಮಿದ.

"ನಾ ಆ ಕಡೆ ಮುಖ ಮಾಡ್ತೇನ್ರಿ. ತಿಂದ ಮ್ಯಾಲ ಒಂದ್ಸಲ ಹೂಂ ಅನ್ರಿ. ಆದ್ರ ಖರೇನ ತಿನ್ರಿ ಮತ್ತ, ನನ್ನ ನೌಕರಿ ಐತಿ."

ಅವನು ಬೇವಿನ ಮರದ ಕಡೆ ತಿರುಗಿದ. ನಾನು ಒಂದು ಚೂರು ಮುರಿದು ನುಂಗಿ "ಹೂಂ" ಎಂದೆ. ಅಕ್ಕಾವರು ಸೆರಗಿನಲ್ಲಿ ಮುಖ ಮುಚ್ಚಿ ನಗುತ್ತಿದ್ದರು.

ಇಷ್ಟೆಲ್ಲ ಮಾಡಿ ಒಳಗೆ ಒಯ್ದರೆ ಗಂಗವ್ವ ಬುಟ್ಟಿ ಮುಟ್ಟಲಿಲ್ಲ. ಉಳಿದಿಬ್ಬರ ಕಣ್ಣು ರೊಟ್ಟಿಯ ಮೇಲಿತ್ತು, ಆದರೆ ಅವಳು ಕೈ ಚಾಚದಿದ್ದಾಗ ಅವರೂ ಚಾಚಲಿಲ್ಲ.

"ತಗೋಳಾಕ ಬರೂದಿಲ್ರೀ ಅಕ್ಕಾರ."

"ಯಾಕ?" ಎಂದೆ. ಅವಳೊಂದಿಗೆ ನಾನಾಗಿ ಆಡಿದ ಮೊದಲ ಮಾತು ಅದೇ ಇರಬೇಕು.

"ತಗೊಂಡ್ರ ಬುಟ್ಟಿ ತಿರುಗಿ ಕೊಡಬೇಕಲ್ರಿ. ಖಾಲಿ ಬುಟ್ಟಿ ಹೆಂಗ ಕೊಡ್ಲಿ? ಇಲ್ಲಿ ನನ್ನ ಕಡೆ ಒಂದು ಕಾಳು ಜ್ವಾಳ ಸೈತ ಇಲ್ಲ."

"ಬುಟ್ಟಿ ಕೊಡಬ್ಯಾಡ ಬಿಡು. ನೀನ ಇಟಗೋ" ಎಂದುಬಿಟ್ಟೆ.

ಅವಳ ಮುಖ ಕೆಂಪಾಯಿತು. "ನಾ ಇಲ್ಲಿ ಭಿಕ್ಷಾ ಬೇಡಾಕ ಕುಂತಿಲ್ರಿ."

ಮಳೆಯಲ್ಲಿ ತುಂಬಿದ ಬುಟ್ಟಿ ಹೊತ್ತು ಮನೆಗೆ ಬಂದೆ. ಆಯಿ ಬಾಗಿಲಲ್ಲೇ ಇದ್ದರು. "ಯಾಕ, ಕಳ್ಳರೂ ನಿನ್ನ ರೊಟ್ಟಿ ಒಲ್ಲೆ ಅಂದ್ರೇನು?" ಎಂದು ಚುಚ್ಚಿದರು. ನಡೆದದ್ದನ್ನು ಹೇಳಿದೆ. ಆಯಿ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ನೋಡಿದರು. ಆಮೇಲೆ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದುಕೊಂಡು, "ಆಕಿ ಮನಿತನಸ್ಥರ ಮಗಳು ಅದಾಳ" ಎಂದರು. ಅದುವರೆಗೆ ಆಯಿಯ ಬಾಯಲ್ಲಿ ಅವರೆಲ್ಲ "ಜೈಲಿನವ್ರು" ಆಗಿದ್ದರು. ಅಂದಿನಿಂದ ಗಂಗವ್ವ "ಆಕಿ" ಆದಳು.

ಮುಂದಿನ ಗುರುವಾರ ಬುಟ್ಟಿ ಒಯ್ಯಬೇಕೋ ಬೇಡವೋ ತಿಳಿಯದೆ ಒಯ್ದೆ. ಒಳಗೆ ಕಾಲಿಡುವ ಮೊದಲೇ ಗಂಗವ್ವನ ದನಿ ಕೇಳಿತು. "ಅಕ್ಕಾರ, ಇವತ್ತ ಏನರ ತಂದೀರೇನು?" ಅವಳ ಸೆರಗಿನಲ್ಲಿ ಬೇವಿನ ಕಡ್ಡಿಗಳ ಕಟ್ಟು ಇತ್ತು. ಹಲ್ಲುಜ್ಜಲು ಹದವಾದ ಎಳೆ ಕಡ್ಡಿಗಳು. ಎಲ್ಲವನ್ನೂ ಒಂದೇ ಅಳತೆಗೆ ಮುರಿದು, ಸೀರೆಯ ಅಂಚಿನಿಂದ ಎಳೆದ ಹಸಿರು ದಾರದಿಂದ ಕಟ್ಟಿದ್ದಳು. ರೊಟ್ಟಿ ಇಳಿಸಿಕೊಂಡು ಕಟ್ಟನ್ನು ಬುಟ್ಟಿಯಲ್ಲಿಟ್ಟಳು. ಆಮೇಲೆ ಮೂವರೂ ಉಂಡ ರೀತಿ ನೋಡಿ ನನಗೆ ಹೋದ ವಾರದ ಅವಳ ಹಟ ಎಷ್ಟು ದೊಡ್ಡದಿತ್ತು ಎಂದು ತಿಳಿಯಿತು.

ಹೊರಗೆ ಬರುವಾಗ ಹುಸೇನಸಾಬ ತಲೆ ಕೆರೆದುಕೊಂಡ. "ಒಳಗ ಹೋಗೂದಕ್ಕ ರೂಲ್ ಐತಿ. ಹೊರಗ ಬರೂದಕ್ಕ ಏನೂ ಹೇಳಿಲ್ಲ." ಒಂದು ಕಡ್ಡಿ ತೆಗೆದು ಬಾಯಿಗಿಟ್ಟುಕೊಂಡ. "ತಪಾಸ ಮಾಡಬೇಕಲ್ರಿ."

ಆ ಮಳೆಗಾಲದ ಗುರುವಾರಗಳನ್ನು ಈಗ ನೆನೆದರೆ ನನಗೆ ಬುಟ್ಟಿಯೇ ನೆನಪಾಗುತ್ತದೆ. ಈ ವಾರ ಏನು ಬರುತ್ತದೆ? ಏನೂ ಇಲ್ಲದ ಕಡೆಯಿಂದ ಏನು ಬರಬಹುದು? ಒಮ್ಮೆ ಹರಿದ ದುಪ್ಪಟಿಯ ಅರಳೆಯಿಂದ ಹೊಸೆದ ದೀಪದ ಬತ್ತಿಗಳು ಬಂದವು. ಒಮ್ಮೆ ಅಂಗಳದ ಹುಲ್ಲಿನ ಕಡ್ಡಿಯಿಂದ ಕಟ್ಟಿದ ಅಂಗೈಯಗಲದ ಕಸಬರಿಗೆ, ಒಲೆಯ ಕಟ್ಟೆ ಗುಡಿಸಲು. ಒಂದು ವಾರ ಏನೂ ಸಿಕ್ಕಿರಲಿಲ್ಲ. ಗಂಗವ್ವ ಬುಟ್ಟಿಯನ್ನು ಮುಂದಿಟ್ಟುಕೊಂಡು ಒಂದು ಬೀಸುವ ಪದ ಹಾಡಿ, "ಇದನ್ನ ಬುಟ್ಟ್ಯಾಗ ಇಟಗೊಂಡು ಒಯ್ರಿ, ಚೆಲ್ಲಬ್ಯಾಡ್ರಿ" ಎಂದಳು. ಗೋಡೆಯಾಚೆ ಗಂಡಸರ ಕಡೆಯಿದ್ದ ಒಬ್ಬ ಮುದುಕನಿಗೂ ಈ ಸುದ್ದಿ ಮುಟ್ಟಿತ್ತು. ಅವನ ಪಾಲಿಗೂ ಒಂದು ರೊಟ್ಟಿ ಹೋಗುತ್ತಿತ್ತು. ಅವನು ಗೋಣಿಚೀಲದ ನಾರು ಬಿಡಿಸಿ ಹೆಣೆದ ಸಿಂಬಿಯನ್ನು ಹುಸೇನಸಾಬನ ಕೈಯಲ್ಲಿ ಕಳಿಸಿದ. ತಲೆಯ ಮೇಲೆ ಬುಟ್ಟಿ ಕೂರಿಸುವ ಆ ಸಿಂಬಿಯೇ ಮೊನ್ನೆ ನೀವು ನೋಡಿದ್ದು. ಅವನ ಮುಖ ನಾನು ಕೊನೆಗೂ ನೋಡಲಿಲ್ಲ.

ಮನೆಯಲ್ಲಿ ಆಯಿ ಗುರುವಾರ ಸಂಜೆ ಹೊಸ್ತಿಲ ಮೇಲೆ ಕೂರುತ್ತಿದ್ದರು. ನಾನು ಓಣಿಯ ತಿರುವಿನಲ್ಲಿ ಕಾಣುತ್ತಲೇ ಕೂಗುತ್ತಿದ್ದರು: "ಏನ್ ಹಾಕ್ಯಾಳ ಇವತ್ತ?" ಹಾಡಿನ ದಿನ ಬುಟ್ಟಿ ಬರಿದಾಗಿ ಕಂಡು ಅವರ ಮುಖ ಬಾಡಿತು. ನಾನು ನಾಚುತ್ತ ನಾಚುತ್ತ ಆ ಪದವನ್ನು ಒಲೆಯ ಮುಂದೆ ಹೇಳಿ ತೋರಿಸಿದೆ. ನಿಮ್ಮ ಅಜ್ಜ ಹೋದ ಮೇಲೆ ನಮ್ಮ ಮನೆಯಲ್ಲಿ ಹಾಡಿನ ದನಿ ಕೇಳಿದ್ದು ಅದೇ ಮೊದಲು. ಆಯಿ, "ಎರಡನೇ ಸಾಲು ಹಂಗಲ್ಲ" ಎಂದು ತಾವೇ ಶುರು ಮಾಡಿದರು.

ಶ್ರಾವಣ ಹತ್ತಿರ ಬಂತು. ಒಂದು ಗುರುವಾರ ಗಂಗವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ರೊಟ್ಟಿ ಇಳಿಸಿಕೊಂಡವರು ಉಳಿದಿಬ್ಬರು. ಬುಟ್ಟಿ ಖಾಲಿ ಬಂತು. ಖಾಲಿ ಬುಟ್ಟಿ ಅಷ್ಟು ಭಾರವಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಹೊರಟವಳು ತಿರುಗಿ ಹೋಗಿ ಅವಳ ಹತ್ತಿರ ಕುಳಿತೆ. ಅಕ್ಕಾವರ ಕಟ್ಟಳೆಯಂತೆ ಏನನ್ನೂ ಕೇಳಲಿಲ್ಲ. ಕೊನೆಗೆ ಅವಳೇ ಗೋಡೆಯೊಡನೆ ಎಂಬಂತೆ ಮಾತಾಡಿದಳು.

"ನನಗೊಬ್ಬಾಕಿ ಮಗಳದಾಳ್ರಿ, ನೀಲಾ ಅಂತ. ಹಿರೇಕೆರೂರ ಕಡೆ ಕೊಟ್ಟೇನಿ. ಇದು ಮದುವಿ ಆದ ಮ್ಯಾಲ ಮೊದಲನೇ ಪಂಚಮಿ. ಕರಿಯಾಕ ಯಾರೂ ಇಲ್ಲ. ಅಪ್ಪ ಇಲ್ಲ, ಅಣ್ಣತಮ್ಮ ಇಲ್ಲ. ಚಿಗವ್ವ ಕಾಕಾ ಈಗ ಮಾರಿ ನೋಡೂದಿಲ್ಲ. ಓಣ್ಯಾಗಿನ ಸೊಸ್ತ್ಯಾರೆಲ್ಲ ತವರಿಗೆ ಹೋಗ್ತಾರ, ಆಕಿ ಒಬ್ಬಾಕಿ ಬಾಗಿಲದಾಗ ನಿಂತು ನೋಡ್ತಾಳ. ಮೊದಲ ಪಂಚಮಿಗೆ ಯಾರೂ ಬರ್ಲಿಲ್ಲಂದ್ರ ಆಕೀ ತವರು ಮುಚ್ಚಿತು ಅಂತ ತಿಳೀರಿ. ಅತ್ತೀಮನ್ಯಾಗ ಯಾರು ಏನಂದ್ರೂ ಕೇಳವರಿಲ್ಲಂತ ಅವರಿಗೂ ಗೊತ್ತಾಕ್ಕೈತಿ."

ನನ್ನ ಬಾಯಿಂದ ಹೊರಟ ಮಾತು ನನಗೇ ಬೇರೆಯವರದೆನಿಸಿತು. "ನಾ ಹೋಗಿ ಕರಕೊಂಡು ಬರ್ತೇನಿ."

ಗಂಗವ್ವ ತಿರುಗಿ ಎದ್ದು ಕುಳಿತಳು. "ನೀವು? ಹುಸೇನಸಾಬಗ ಹೂಂ ಅನ್ನಾಕ ಅರ್ಧ ತಾಸು ತಗೋತೀರಿ!"

ಮನೆಯಲ್ಲಿ ಹೇಳಿದಾಗ ಆಯಿ ಹಣೆ ಹಣೆ ಬಡಿದುಕೊಂಡರು. ಬರಿಹಣೆಯ ಹೆಂಗಸು ಹಬ್ಬಕ್ಕೆ ಕರೆಯಲು ಹೋಗುವುದುಂಟೇ? ಅದೂ ಹಬ್ಬವೇ ಇಲ್ಲದ ಮನೆಗೆ? ನಾನು ಮುಸುರೆ ತಿಕ್ಕುತ್ತ ಕುಳಿತೆ. ಮರುದಿನ ಬೆಳಗ್ಗೆ ನೋಡಿದರೆ ಆಯಿ ಎಳ್ಳು ತೊಳೆದು ಹರವಿದ್ದರು.

"ಎಣ್ಣಿ ಇಡೂದು ಬ್ಯಾಡ, ಎಳ್ಳುಂಡಿ ಕಟ್ಟೋಣು. ಅದಕ್ಕೇನ್ ಎಣ್ಣಿ ಬೇಕಾಗೂದಿಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಹಬ್ಬ ಇಲ್ಲದ ಮನೀಗೆ ಮಗಳು ಬರಬಾರದು ಅಂತ ಯಾರೂ ಹೇಳಿಲ್ಲ" ಎಂದು ತಮ್ಮಷ್ಟಕ್ಕೆ ತಾವೇ ತೀರ್ಮಾನಿಸಿದರು.

ನಾನು ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಹಾನಗಲ್ಲದಲ್ಲಿ ಬಸ್ಸು ಬದಲಿಸಬೇಕಿತ್ತು. ನಮ್ಮ ಕಡೆಯ ಕರಿಮಣ್ಣು ಮುಗಿದು ದಾರಿಯ ಎರಡೂ ಬದಿ ನೀರು ನಿಂತ ಗದ್ದೆಗಳು ಶುರುವಾದವು. ಹೆಂಗಸರು ಸಾಲುಗಟ್ಟಿ ಬಾಗಿ ಭತ್ತದ ಸಸಿ ನಾಟಿ ಮಾಡುತ್ತಿದ್ದರು. ಅಷ್ಟು ಹಸಿರನ್ನು ನಾನು ಕಂಡಿರಲಿಲ್ಲ. ಬಸ್ಸಿನ ತುಂಬ ಕರೆಯಲು ಹೊರಟ ಅಣ್ಣಂದಿರು, ಹೊಸ ಸೀರೆಯ ತಂಗಿಯರು. ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡ ನನ್ನನ್ನು ಕಂಡಕ್ಟರು, "ಎಲ್ಲಿಗ್ರೀ ಅವ್ವಾರ, ತವರಿಗೇನು?" ಎಂದು ಕೇಳಿದ. ಯೋಚಿಸಿ, "ಅಲ್ಲ, ನಾನ ತವರು" ಎಂದುಬಿಟ್ಟೆ. ಅವನಿಗೆ ಏನು ಅರ್ಥವಾಯಿತೋ, ಚೀಟಿ ಹರಿದು ಕೊಟ್ಟ.

ನೀಲಾಳ ಊರು ಹಿರೇಕೆರೂರಿನ ಆಚೆ, ಕೆಸರುದಾರಿ. ಸಿಂಬಿಯ ಮೇಲೆ ಬುಟ್ಟಿ ಹೊತ್ತು ಕೇಳುತ್ತ ಹೋದೆ. ಅವಳ ಅತ್ತೆ ಕಟ್ಟೆಯ ಮೇಲೆ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳ ಕೈ ರೂಢಿಯಂತೆ ಮುಂದೆ ಬಂದು ಬುಟ್ಟಿ ಇಳಿಸಿಕೊಂಡಿತು. "ಬರ್ರಿ, ಕುಂದರ್ರಿ. ಯಾವ ಕಡಿಯಿಂದ ಬಂದ್ರಿ?" ಎಂದು ಬುಟ್ಟಿಯನ್ನು ಒಳಗೆ ಒಯ್ದಳು. ಮನೆಯ ಮಕ್ಕಳೆಲ್ಲ ಅದರ ಸುತ್ತ ಸೇರಿದ ಸದ್ದು ಕೇಳಿತು. ಜಗುಲಿಯಲ್ಲಿ ಕುಳಿತಿದ್ದ ನೀಲಾಳ ಮಾವನ ಕೈಗೂ ಒಂದು ಉಂಡಿ ಬಂತು. ಆಮೇಲೆ ನಾನು ಯಾರು, ಯಾರ ಪರವಾಗಿ ಬಂದೆ ಎಂದು ಹೇಳಿದೆ.

ಆ ಹೆಂಗಸಿನ ದನಿ ಬದಲಾಯಿತು. "ಜೈಲಿನಾಕಿ ಕರಿ ಕಳಸ್ಯಾಳೇನು? ಆಕಿ ಏನ್ ಮಾಡ್ಯಾಳ ಗೊತ್ತೈತೇನ್ರಿ ನಿಮಗ? ಬದುವಿನ ಕಲ್ಲು ಸರಿಸ್ಯಾನಂತ ಮೈದುನಗ ಕುಡಗೋಲು ಬೀಸಿ ಕೈ ಕಡದಾಳ. ಅಂಥಾ ತವರಿಗೆ ನಾ ಸೊಸೀನ್ನ ಕಳಸೂದಿಲ್ಲ."

ಮಕ್ಕಳೇ, ಅಷ್ಟು ವಾರ ತಿಳಿಯಬೇಕು ತಿಳಿಯಬೇಕು ಎಂದು ಒದ್ದಾಡಿದ ಸಂಗತಿ ಹೀಗೆ ಕೇಳದೆಯೇ ನನ್ನ ಕಿವಿಗೆ ಬಿತ್ತು. ಸಣ್ಣ ಸಂಗತಿಯಲ್ಲ. ಒಬ್ಬ ಮನುಷ್ಯನ ಕೈ ಹೋಗಿತ್ತು. ಆದರೆ ಅದನ್ನು ತಿಳಿದ ಮೇಲೂ ನನಗೆ ಗಂಗವ್ವ ಪೂರ್ತಿ ತಿಳಿದಂತೆ ಅನಿಸಲಿಲ್ಲ. ಬೇವಿನ ಕಡ್ಡಿಗೆ ಕಟ್ಟಿದ ಆ ಹಸಿರು ದಾರವೇ ಕಣ್ಣ ಮುಂದೆ ಬಂತು. ಎರಡೂ ಒಂದೇ ಕೈಯ ಕೆಲಸ.

ಬಾಗಿಲ ಸಂದಿಯಲ್ಲಿ ಒಬ್ಬ ಎಳೆಯ ಹುಡುಗಿ ನಿಂತಿದ್ದಳು. ಅಗಲ ಹಣೆ. ಮಾತೆಲ್ಲ ಅವಳಿಗೆ ಕೇಳಿಸಿತ್ತು.

ನನಗೆ ವಾದಿಸಲು ಬರುವುದಿಲ್ಲ. ಎದ್ದು, "ಹಂಗಾದ್ರ ನನ್ನ ಬುಟ್ಟಿ ಕೊಡ್ರಿ, ಬಸ್ಸು ತಪ್ಪತೈತಿ" ಎಂದೆ.

ಆ ಹೆಂಗಸು ಒಳಗೆ ಹೋದಳು. ಡಬ್ಬಿ ತೆಗೆಯುವ ಸದ್ದು. ಅವರದು ಉಳ್ಳವರ ಮನೆ. ಬುಟ್ಟಿ ತುಂಬ ಅಕ್ಕಿ ಹಾಕಿ, ಮೇಲೊಂದು ಬೆಲ್ಲದ ಉಂಡೆಯಿಟ್ಟು ತಂದಳು. ನಾನು ಬುಟ್ಟಿಗೆ ಕೈ ಚಾಚಲಿಲ್ಲ.

"ಅಕ್ಕಿ ಬ್ಯಾಡ್ರಿ."

"ಮತ್ತ ಖಾಲಿ ಹೆಂಗ ಕೊಡ್ಲಿ? ಬೆಲ್ಲಾ ಕಡಿಮಿ ಆತೇನು?"

"ಆ ಬುಟ್ಟಿ ತವರಿನಿಂದ ಬಂದೈತ್ರಿ. ತವರಿನ ಬುಟ್ಟಿಗೆ ಅಕ್ಕಿ ಹಾಕೂದಿಲ್ಲ, ಮಗಳನ್ನ ಕೊಟ್ಟು ಕಳಸ್ತಾರ." ನಾನು ಸೆರಗು ಹಿಡಿದುಕೊಂಡೆ. "ಬ್ಯಾರೇ ಏನ್ ಹಾಕಿದ್ರೂ ನನಗ ಖಾಲೀನ."

ಜಗುಲಿಯಲ್ಲಿದ್ದ ಮಾವ ಬಾಯಲ್ಲಿದ್ದ ಎಳ್ಳುಂಡಿ ನುಂಗಿ, ಧೋತರದ ಚುಂಗಿನಿಂದ ಮೀಸೆ ಒರೆಸಿಕೊಂಡ. "ಉಂಡಿ ತಿನ್ನೂಕಿಂತ ಮೊದಲು ಕೇಳಬೇಕಾಗಿತ್ತು, ಯಾರ ಮನೀವು ಅಂತ. ತಿಂದೇವಿ. ಇನ್ನ ಬುಟ್ಟಿ ಖಾಲಿ ಕಳಿಸಿದ್ರ ನಮ್ಮ ಮನಿತನ ಏನ್ ಉಳೀತು? ಹೋಗ್ಲಿ ಬಿಡ, ಪಂಚಮಿ ಮುಗಿಸಿ ಬರ್ಲಿ."

ನೀಲಾ ಸೀರೆ ಬದಲಿಸಲು ಕೂಡ ಒಳಗೆ ಹೋಗಲಿಲ್ಲ. ಅತ್ತೆಯ ಮನಸ್ಸು ತಿರುಗೀತೆಂದು ಹೆದರಿ ಉಟ್ಟ ಸೀರೆಯಲ್ಲೇ ಹೊರಟಳು. ಬಸ್ಸು ಹಾನಗಲ್ಲದ ಹತ್ತಿರ ಬಂದಾಗ ಕೇಳಿದಳು: "ನಮ್ಮವ್ವ ತಲಿ ಬಾಚ್ಕೋತಾಳೇನ್ರೀ ಅಲ್ಲಿ?" ನಾನು ಜೈಲಿನ ಬಗ್ಗೆ ಮೊದಲು ಯೋಚಿಸಿದ್ದೂ ಅದನ್ನೇ. "ಬೈತಲಿ ನೆಟ್ಟಗ ತಗೀತಾಳವ್ವಾ" ಎಂದೆ.

ಪಂಚಮಿಯ ದಿನ ಗುರುವಾರವಲ್ಲ. ಅಕ್ಕಾವರು ಸಾಹೇಬರನ್ನು ಕೇಳಿ ಅಪ್ಪಣೆ ತಂದಿದ್ದರು. ಆಯಿ ಹೊಸದಾಗಿ ಕಟ್ಟಿದ ಉಂಡಿಗಳನ್ನು ಬುಟ್ಟಿಗೆ ತುಂಬಿ ನೀಲಾಳ ತಲೆಯ ಮೇಲಿಟ್ಟರು. ಬಾಗಿಲಲ್ಲಿ ಹುಸೇನಸಾಬ ತಡೆದ. ಸರಳಿನಾಚೆ ಗಂಗವ್ವ ಆಗಲೇ ಬಂದು ನಿಂತಿದ್ದಳು. ಅವ್ವ ಮಗಳು ಒಬ್ಬರನ್ನೊಬ್ಬರು ನೋಡುತ್ತ ನಿಂತುಬಿಟ್ಟರು.

"ರೂಲ್ ರೂಲ್ ಐತ್ರಿ" ಎಂದ ಹುಸೇನಸಾಬ ದೊಡ್ಡ ದನಿಯಲ್ಲಿ. "ಯಾರು ತಂದಾರ, ಅವರು ಮೊದಲು ತಿನ್ನಬೇಕು. ಇವತ್ತ ಬುಟ್ಟಿ ಯಾರು ತಂದಾರ?"

"ನಾನ್ರಿ" ಎಂದಳು ನೀಲಾ.

"ಹಂಗಾದ್ರ ತಿನ್ನವ್ವಾ. ಯಾರು ತಿನ್ನಸಬೇಕು ಅಂತ ರೂಲಿನ್ಯಾಗ ಬರದಿಲ್ಲ." ಹೇಳಿ ಅವನು ಬೇವಿನ ಮರದ ಕಡೆ ತಿರುಗಿ ನಿಂತ.

ಗಂಗವ್ವ ಸರಳುಗಳ ನಡುವಿನಿಂದ ಕೈ ಚಾಚಿ ಒಂದು ಉಂಡಿ ತೆಗೆದುಕೊಂಡು ಮಗಳ ಬಾಯಿಗಿಟ್ಟಳು. ನೀಲಾ ಅಳುತ್ತಿದ್ದುದರಿಂದ ಅಗಿಯಲಾಗದೆ ಎಳ್ಳು ಕೆಳಗೆಲ್ಲ ಉದುರಿತು. "ಸಾವಕಾಶ ತಿನ್ನ ಖೋಡಿ, ಕಸಬರಿಗಿ ಹಿಡಿಯಾಕಿ ನಾನು" ಎಂದು ಗಂಗವ್ವ ಬೈದಳು. ಹುಸೇನಸಾಬ "ಆತೇನ್ರಿ?" ಎಂದು ಕೇಳಲಿಲ್ಲ. ನಾವು ಯಾರೂ ಬಹಳ ಹೊತ್ತಿನವರೆಗೆ ಹೂಂ ಅನ್ನಲೂ ಇಲ್ಲ.

ಹೊರಡುವಾಗ ಗಂಗವ್ವ ಖಾಲಿ ಬುಟ್ಟಿಯನ್ನು ನೋಡಿದಳು, ಆಮೇಲೆ ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟಳು.

ದೀಪಾವಳಿಯ ಹೊತ್ತಿಗೆ ಅವಳಿಗೆ ಶಿಕ್ಷೆಯಾಗಿ ದೂರದ ದೊಡ್ಡ ಜೈಲಿಗೆ ಕಳಿಸಿದರು. ಕೆಲವು ವರ್ಷಗಳ ಶಿಕ್ಷೆ. ನಾನು ಅಕ್ಕಾವರ ಜೊತೆ, ಆಮೇಲೆ ಅವರು ಹಾಸಿಗೆ ಹಿಡಿದ ಮೇಲೆ ಒಬ್ಬಳೇ, ಗುರುವಾರ ಸಬ್‌ಜೈಲಿಗೆ ಹೋಗುವುದನ್ನು ಬಿಡಲಿಲ್ಲ. ಬೇರೆ ಬೇರೆ ಹೆಂಗಸರು ಬಂದರು, ಹೋದರು. ಯಾರನ್ನೂ ಏನು ಮಾಡಿದೆ ಎಂದು ಕೇಳಲಿಲ್ಲ. ಬುಟ್ಟಿಯಲ್ಲಿ ಏನು ಹಾಕುತ್ತಾರೆ ಎಂಬ ಕುತೂಹಲವೇ ಸಾಕಾಗುತ್ತಿತ್ತು. ನಾನು ಅಲ್ಲಿಗೆ ಕೊಡಲು ಹೋಗುತ್ತಿದ್ದೆ ಎಂದು ಓಣಿಯವರು ತಿಳಿದಿದ್ದರು. ಆಯಿಗೆ ಮಾತ್ರ ನಿಜ ಗೊತ್ತಿತ್ತು. ನೀಲಾಳನ್ನು ಪಂಚಮಿಗೆ ಕರೆಯಲು ಮುಂದಿನ ವರ್ಷದಿಂದ ನಿಮ್ಮ ಅಪ್ಪನೇ ಹೋಗತೊಡಗಿದ, ಅಣ್ಣನಾಗಿ.

ಎಂಬತ್ತರ ದಶಕ ಶುರುವಾಗಿ ಕೆಲವು ಮಳೆಗಾಲ ಕಳೆದಿದ್ದವು. ಒಂದು ಸಂಜೆ ಬಾಗಿಲಲ್ಲಿ ಯಾರೋ ನಿಂತಂತಾಯಿತು. ಆಯಿ ಹೊಸ್ತಿಲ ಮೇಲೆ ಕುಳಿತಿದ್ದರು. ಆಗ ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ನಿಂತವಳ ತಲೆಗೂದಲು ಬೆಳ್ಳಗಾಗಿತ್ತು, ಕೈಯಲ್ಲಿ ಹೊಸ ಬಿದಿರುಬುಟ್ಟಿ. ಆಯಿ ಅವಳನ್ನು ಎಂದೂ ಕಂಡವರಲ್ಲ. ಆದರೂ ಕೈ ಚಾಚಿ ಬುಟ್ಟಿಯ ಮೇಲಿನ ಬಟ್ಟೆಯನ್ನು ತಡವಿ, "ಏನ್ ಹಾಕೀದಿ ಇವತ್ತ?" ಎಂದರು.

"ರೊಟ್ಟಿ ತಂದೇನ್ರೀ ಆಯಿ. ಬಿಟ್ಟ ಮ್ಯಾಲ ಮೊದಲು ಮಗಳ ಮನೀಗೆ ಹೋಗಿದ್ದೆ, ಆಕೀ ಒಲಿ ಮುಂದ ಕುಂತು ಬಡಿದೆ. ಕೈ ರೂಢಿ ತಪ್ಪೈತಿ, ಸೀದಾವು" ಎಂದಳು ಗಂಗವ್ವ.

ಸೀದಿದ್ದವು ನಿಜ. ನಾವು ಮೂವರೂ ಒಂದೇ ತಾಟಿನಲ್ಲಿ ಕುಳಿತು ಎಲ್ಲವನ್ನೂ ತಿಂದೆವು. ಬುಟ್ಟಿ ಬರಿದಾಯಿತು. ನಾನು ರೂಢಿಯಂತೆ ಎದ್ದು ಅಡುಗೆಮನೆಗೆ ಹೋಗಿ ಏನು ಹಾಕಲಿ ಎಂದು ಡಬ್ಬಿಗಳನ್ನು ನೋಡುತ್ತ ನಿಂತೆ. ಜೋಳವೋ, ಬೆಲ್ಲವೋ, ಹುರಿದ ಶೇಂಗಾವೋ?

ಪಡಸಾಲೆಯಿಂದ ಆಯಿ ಕೂಗಿದರು. "ಏನ್ ಹುಡುಕಾಕತ್ತಿ ಅಲ್ಲೆ?"

"ಬುಟ್ಟ್ಯಾಗ ಹಾಕಾಕ."

"ಹುಚ್ಚಿ ಅದೀ. ಒಂದ ಮನಿಯವರು ಬುಟ್ಟಿ ತಿರುಗಿ ಯಾರಿಗೆ ಕೊಡತಾರ? ಅದನ್ನ ಅಲ್ಲೇ ನೆಲುವಿನ್ಯಾಗ ಇಡು."

ಇಟ್ಟೆ. ನನ್ನ ಹಳೆಯ ಬುಟ್ಟಿ ಯಾವಾಗಲೋ ಮುರಿದುಹೋಯಿತು. ಅದರ ಸಿಂಬಿಯನ್ನು ಇದರೊಳಗೆ ಹಾಕಿಟ್ಟೆ. ನೀವು ಮೊನ್ನೆ ಕೆಳಗಿಳಿಸಿದ್ದು ಇದನ್ನೇ. ನೀಲಾ ಅತ್ತಿ ಊರಿಗೆ ಹೋಗುವ ಮೊದಲು ಅದರ ತಳಕ್ಕೆ ಹುರಿ ಕಟ್ಟಿ ಮತ್ತೆ ಮೇಲಿಟ್ಟು ಹೋಗಿದ್ದಾಳೆ. ಇನ್ನು ಮುಂದೆ ಯಾರೂ ಇಳಿಸಬೇಡಿ.